ಹೋಲ್ಡಾನ್ ಅಂದರೂ ನಿಲ್ಲದ ಬಸ್ಸು

ಚಂದ್ರಕಲಾ ನಿಂತಲ್ಲಿಂದ ಒಂದು ಹೆಜ್ಜೆಯೂ ಅಲುಗಿರಲಿಲ್ಲ. ಆದರೂ "ಅಯ್ಯೋ ಮಗಾ, ಹಿಂದುಕ್ ಜಾರ್ತಾ ಇವ್ನಿ ಕಣವ್ವ!" ಎಂದು ಕೂಗಿ ಪಕ್ಕದ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮೇದಿನಿಗೆ ಕುಣಿಯುವಷ್ಟು ಖುಷಿಯಾಯಿತು. "ಅದೇ ಹಣದುಬ್ಬರ, ಅತ್ತೆ! ಬೀರುವಿನಲ್ಲಿಟ್ಟ ದುಡ್ಡು ಅಲ್ಲೇ ಇರುತ್ತೆ. ಸಾಮಾನಿನ ಬೆಲೆ ಮಾತ್ರ ಮುಂದಕ್ಕೆ ಹೋಗ್ತಾನೇ ಇರುತ್ತೆ. ದುಡ್ಡು ಹಿಂದೆ ಬೀಳುತ್ತೆ."

"ಹುಟ್ದಾಗಿಂದ ಟೀವೀಲಿ ಕೇಳ್ತಾ ಇವ್ನಿ. ಇವತ್ತು ಗೊತ್ತಾಯ್ತು ನೋಡು!"

ಸೋದರತ್ತೆಯ ತಲೆಗೆ ಮೇದಿನಿ ಕಟ್ಟಿದ್ದು ತಾನೇ ರೂಪಿಸಿದ ತೂಗುಪಟ್ಟಿ. ಕಿವಿಯ ಒಳಗೆ ದೇಹದ ಸಮತೋಲ ಕಾಯುವ ಪುಟ್ಟ ಅಂಗವೊಂದಿದೆ. ಪಟ್ಟಿ ಅದಕ್ಕೆ ನವಿರಾದ ವಿದ್ಯುತ್ ಮಿಡಿತ ಕಳಿಸಿ, ಇಲ್ಲದ ಚಲನೆ ಇದೆಯೆನಿಸುವಂತೆ ಮಾಡುತ್ತಿತ್ತು. ಯಾವುದೇ ಹೂಡಿಕೆಯ ವಿವರವನ್ನು ಅದಕ್ಕೆ ಓದಿಸಿದರೆ ಸಾಕು, ಲಾಭ ನಷ್ಟಗಳೆಲ್ಲ ಏರು, ಇಳಿಜಾರು, ಓಲಾಟಗಳಾಗಿ ಮೈಗೇ ತಿಳಿಯುತ್ತಿದ್ದವು. ಅರ್ಥಶಾಸ್ತ್ರದ ಪದಗಳೆಂದರೆ ಮಾರು ದೂರ ಓಡುವ ಜನರೂ ಇನ್ನು ಮೋಸಹೋಗುವುದಿಲ್ಲ ಎಂದು ಮೇದಿನಿ ನಂಬಿದ್ದಳು.

ಆ ಮಧ್ಯಾಹ್ನ ಮಂಡ್ಯದ ನಿವೃತ್ತ ಕಂಡಕ್ಟರುಗಳ ಸಂಘದಲ್ಲಿ ಪಟ್ಟಿಗೆ ಮೊದಲ ನಿಜವಾದ ಪರೀಕ್ಷೆ. ಬಸ್ಸುಗಳು ತಾವೇ ಓಡಿ, ತಾವೇ ಟಿಕೆಟ್ ಕೊಡಲು ಕಲಿತ ಮೇಲೆ ಕಂಡಕ್ಟರ್ ಎಂಬ ಕೆಲಸವೇ ಇಲ್ಲವಾಗಿತ್ತು. ಉಳಿದದ್ದು ಈ ಸಂಘ ಮತ್ತು ಅದರ ಚಿಕಿತ್ಸಾ ನಿಧಿ. ತಾವೂ ಕಂಡಕ್ಟರಾಗಿದ್ದ ಚಂದ್ರಕಲಾ ಅವರ ಡಯಾಲಿಸಿಸ್ ನಡೆಯುತ್ತಿದ್ದುದು ಆ ನಿಧಿಯಿಂದಲೇ. ಬೆಲೆಯೇರಿಕೆಗೆ ಕರಗುತ್ತಿದ್ದ ಆ ಹಣವನ್ನೆಲ್ಲ 'ಚಿರವೃದ್ಧಿ' ಎಂಬ ಯೋಜನೆಗೆ ಹಾಕಬೇಕೋ ಬೇಡವೋ ಎಂದು ಸಭೆ ತೀರ್ಮಾನಿಸಬೇಕಿತ್ತು.

ಚಂದ್ರಕಲಾ ಒಂದು ಕಡೆ ಕೂತು ನೋಡುತ್ತಿದ್ದಂತೆ, ಅಧ್ಯಕ್ಷ ನಂದೀಶ್ ಮತ್ತು ಸದಸ್ಯರು ಚಿರವೃದ್ಧಿಯ ವಿವರ ಓದಿಸಿದ ಪಟ್ಟಿ ಕಟ್ಟಿಕೊಂಡು ಎದ್ದು ನಿಂತರು. ಪೇಟೆಯಲ್ಲಿ ಬೆಲೆ ಹತ್ತಿ ಇಳಿಯುವುದಕ್ಕೆ ಏರಿಳಿತವೆನ್ನುತ್ತಾರೆ. ಚಿರವೃದ್ಧಿಯ ಏರಿಳಿತಕ್ಕೆ ಪ್ರಯೋಗಾಲಯದಲ್ಲಿ ಮೇದಿನಿಯ ಸಹೋದ್ಯೋಗಿಗಳು ನೆಲಕ್ಕೆ ಕುಸಿದಿದ್ದರು. ಇವರೂ ಹೆದರಿ ಬೇಡವೆನ್ನುತ್ತಾರೆಂದು ಅವಳು ಕಾದಳು.

ಯಾರೂ ಕುಸಿಯಲಿಲ್ಲ. ಕಾಲು ಅಗಲಿಸಿ, ಮೊಣಕಾಲು ಸಡಿಲಿಸಿ, ಆರಾಮವಾಗಿ ಹರಟುತ್ತ ನಿಂತರು. ಒಬ್ಬರಂತೂ ನಿಂತೇ ಎಲೆಗೆ ಸುಣ್ಣ ಸವರುತ್ತಿದ್ದರು.

"ಇಷ್ಟೇನಾ?" ನಂದೀಶ್ ನಕ್ಕರು. "ನಮ್ ರೂಟ್ನಾಗೆ ಬಸ್ಸು ಇದರಪ್ಪನಂಗೆ ಕುಣೀತಿತ್ತು. ಒಂದ್ ಕೈಲಿ ಚಿಲ್ರೆ, ಒಂದ್ ಕೈಲಿ ಮಿಷಿನ್ನು ಹಿಡ್ಕಂಡು ನಿಂತಿವ್ನಿ. ಹಾಕನ ಬುಡ್ರಪ್ಪೋ!"

ಕೈಗಳು ಪಟಪಟನೆ ಮೇಲೆದ್ದವು. ಆಯಸ್ಸನ್ನೆಲ್ಲ ಓಲಾಡುವ ಬಸ್ಸಿನಲ್ಲಿ ಕಳೆದವರಿಗೆ ಈ ಓಲಾಟ ಲೆಕ್ಕಕ್ಕೇ ಇರಲಿಲ್ಲ. ತಾಳಿಕೊಳ್ಳುವ ಅಭ್ಯಾಸವಿದ್ದದ್ದರಿಂದ ಹೂಡಿಕೆಯಲ್ಲಿ ಅಪಾಯವೇ ಇಲ್ಲವೆಂದುಕೊಂಡಿದ್ದರು. ತನ್ನ ಪಟ್ಟಿಯೇ ಅತ್ತೆಯ ಪ್ರಾಣಕ್ಕೆ ಸಂಚಕಾರ ತಂದಿತಲ್ಲ ಎಂದುಕೊಂಡಳು ಮೇದಿನಿ. ಓಲಾಟಕ್ಕೆ ಹೆದರದ ಕಂಡಕ್ಟರ್ ಇನ್ನು ಯಾವುದಕ್ಕೆ ಹೆದರುತ್ತಾನೆ? ಅವಳಿಗೆ ಥಟ್ಟನೆ ಹೊಳೆಯಿತು.

"ಒಂದ್ನಿಮಿಷ! ಇನ್ನೊಂದು ಪದ ಉಳಿದಿದೆ, ನಗದೀಕರಣ ಅಂತ. ಬೇಕಾದಾಗ ಹೂಡಿಕೆ ಬಿಡಿಸಿ ದುಡ್ಡು ಕೈಗೆ ತಗೊಳ್ಳೋದು. ದುಡ್ಡು ಕೈಗೆ ಬರೋ ಹಾಗಿದ್ರೆ ನೀವು ಕೂಗಿದ ತಕ್ಷಣ ಪಟ್ಟಿಯ ಓಲಾಟ ನಿಲ್ಲುತ್ತೆ. ನಾಳೆ ಅತ್ತೆಗೆ ಡಯಾಲಿಸಿಸ್ ಅಂದ್ಕೊಳ್ಳಿ. ಬಸ್ ನಿಲ್ಲಿಸಿ!"

"ಹೋಲ್ಡಾನ್!" ನಂದೀಶ್ ಹಳೆಯ ಗತ್ತಿನಲ್ಲೇ ಕೂಗಿದರು.

ಓಲಾಟ ನಿಲ್ಲಲಿಲ್ಲ.

"ಹೋಲ್ಡಾನ್! ಏಯ್, ಹೋಲ್ಡಾನ್!" ಈಗ ಎಲ್ಲರೂ ಕೂಗಿದರು. ಯಾರೋ ಗೋಡೆಯನ್ನು ದಬದಬನೆ ಬಡಿದರು. ಒಬ್ಬರು ಜೇಬಿನಿಂದ ಹಳೆಯ ಸೀಟಿ ತೆಗೆದು ಊದಿದರು. ಬಸ್ಸು ಓಡುತ್ತಲೇ ಇತ್ತು. ನಂದೀಶ್ ಮೇದಿನಿಯತ್ತ ತಿರುಗಿದರು.

"ಯಾವಾಗ ನಿಲ್ತದವ್ವಾ ಇದು?"

"ಹತ್ತು ವರ್ಷ ಆದ್ಮೇಲೆ. ಅಲ್ಲೀತನಕ ದುಡ್ಡು ತೆಗೆಯೋ ಹಾಗಿಲ್ಲ. ಅದಕ್ಕೇ ಲಾಕ್-ಇನ್ ಅವಧಿ ಅನ್ನೋದು."

"ಇಳ್ಸಕ್ಕೆ ಸ್ಟಾಪೇ ಇಲ್ದಿರೋ ಬಸ್ಗೆ ಚಂದ್ರಕ್ಕನ್ನ ಹತ್ತಿಸ್ತಿದ್ವಾ!"

ಮೇಲೆದ್ದಿದ್ದ ಕೈಗಳೆಲ್ಲ ಪಟ್ಟಿ ಬಿಚ್ಚಲು ತಲೆಗೆ ಹೋದವು. ಚಿಕಿತ್ಸೆಗೆ ಬೇಕಾದಷ್ಟನ್ನು ಯಾವಾಗಲಾದರೂ ತೆಗೆಯಬಲ್ಲ ಠೇವಣಿಯಲ್ಲಿಟ್ಟು, ಉಳಿದದ್ದನ್ನು ನಾಲ್ಕು ಕಡೆ ಹಂಚಿ ಹಾಕುವುದೆಂದು ತೀರ್ಮಾನವಾಯಿತು. ಮೇದಿನಿಗೆ ಹೋದ ಜೀವ ಬಂದಂತಾಯಿತು.

ಹೊರಗೆ ಬಂದ ಮೇಲೆ ಅತ್ತೆಯ ತೋಳು ಹಿಡಿದು ಕೇಳಿದಳು. "ನಿಮ್ಮ ಕಾಲದಲ್ಲಿ ಈ ಪಟ್ಟಿ ಇರಲಿಲ್ವಲ್ಲ ಅತ್ತೆ, ದುಡ್ಡು ಹಾಕೋ ಮುಂಚೆ ಹೇಗೆ ತಿಳ್ಕೊಳ್ತಿದ್ರಿ?"

ಚಂದ್ರಕಲಾ ಹೆಬ್ಬೆರಳನ್ನು ಗಾಳಿಯಲ್ಲಿ ಸರ್ರನೆ ಎಳೆದು ತೋರಿಸಿದರು. "ಮೊಬೈಲ್ನಾಗೆ ಮಾರುದ್ದ ಬರ್ದಿರೋರು. ಹಿಂಗೆ ತಳ್ಬುಟ್ಟು, ಕೊನೇಲಿ 'ಒಪ್ಪಿದ್ದೇನೆ' ಅಂತ ಒತ್ತೋದು."

"ಓದ್ತಾನೇ ಇರ್ಲಿಲ್ವಾ?"

"ಯಾರವ್ವಾ ಓದೋರು? ರೈಟ್ ರೈಟ್ ಅಂತಿದ್ದೋ, ಅಷ್ಟೇಯ."