ಬೀಪ್ ಎನ್ನದ ಬಾಗಿಲು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ಗ್ರಂಥಪಾಲಕಿ. ನಮ್ಮ ಗ್ರಂಥಾಲಯದ ಬಾಗಿಲಲ್ಲಿರುವ ಸೆನ್ಸರ್ ಯಾರು ಹಾದರೂ ಬೀಪ್ ಎನ್ನುತ್ತದೆ, ಒಳಗೆ ಎಷ್ಟು ಜನ ಇದ್ದಾರೆಂದು ಪರದೆಯಲ್ಲಿ ತೋರಿಸುತ್ತದೆ. ಸೊನ್ನೆ ಬಂದ ಮೇಲೆಯೇ ಬೀಗ ಹಾಕಬೇಕು; ಲೆಕ್ಕ ತಪ್ಪಿದರೆ ಸೊನ್ನೆಗೆ ತರಲು ಪಕ್ಕದಲ್ಲೇ ಒಂದು ಗುಂಡಿಯಿದೆ.

ಆ ಸಂಜೆ ಒಳಗಿದ್ದದ್ದು ನಾನೊಬ್ಬಳೇ. ಪರದೆ ಎರಡು ಎಂದಿತು. ಕಪಾಟುಗಳ ನಡುವೆಲ್ಲ ಹುಡುಕಿದೆ. ಯಾರೂ ಇರಲಿಲ್ಲ, ಮೂಲೆಯ ಕುರ್ಚಿ ಮಾತ್ರ ಬೆಚ್ಚಗಿತ್ತು.

"ಸುಮ್ನೆ ಸೊನ್ನೆ ಒತ್ಬಿಡಿ ಮೇಡಂ," ಎಂದ ಬಾಗಿಲಾಚೆ ನಿಂತಿದ್ದ ವಾಚ್‌ಮನ್.

"ಒತ್ತಲ್ಲ. ಯಾರಿದ್ರೂ ಎದ್ದು ಹೋಗ್ಲಿ!" ಎಂದು ಖಾಲಿ ಕೋಣೆಗೆ ಗದರಿದೆ.

ಬೀಪ್ ಎಂದಿತು. ಪರದೆ ಒಂದಕ್ಕಿಳಿಯಿತು. ಗೆದ್ದೆನೆಂದುಕೊಂಡು ನಾನೂ ಹೊರಬಂದೆ. ಬೀಪ್ ಎನ್ನಲಿಲ್ಲ. ಒಂದು ಹಾಗೇ ಉಳಿಯಿತು. ಸೊನ್ನೆ ಒತ್ತದೆಯೇ ಬೀಗ ಜಡಿದೆ.

ಅಂದಿನಿಂದ ಆ ಸೆನ್ಸರ್ ನನ್ನೊಬ್ಬಳನ್ನು ಎಣಿಸುವುದಿಲ್ಲ. ಎಣಿಸದಿದ್ದರೆ ಬಿಡಲಿ. ದಿನವೂ ಎದೆ ಸೆಟೆಸಿಕೊಂಡು ಒಳಹೋಗಿ ಅದೇ ಕುರ್ಚಿಯಲ್ಲಿ ಕೂರುತ್ತೇನೆ. ಬೆಳಿಗ್ಗೆ ಬೀಗ ತೆಗೆದು ಬಂದಾಗಲೂ ಅದು ಬೆಚ್ಚಗೇ ಇರುತ್ತದೆ.