ತೊರಕೆರಾಯನ ಸೇತುವೆ

ಬಹಳ ಕಾಲದ ಹಿಂದೆ, ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರನ್ನು ಕೂಡುವ ಕಡೆ ಮುತ್ತಳಿವೆ ಎಂಬ ರಾಜ್ಯವಿತ್ತು. ಅಲ್ಲಿಯ ನೀರು ವರ್ಷವಿಡೀ ಬೆಚ್ಚಗಿರುತ್ತಿತ್ತು. ಅಳಿವೆಗೆ ಅಡ್ಡಲಾಗಿ ಕಲ್ಲಿನ ಸೇತುವೆ. ಅದರ ಮೇಲೆ ಸಾಲಾಗಿ ನಿಂತು ಗಾಳ ಹಾಕುವುದೇ ಊರಿನವರ ಬದುಕು.

ಸೇತುವೆಯ ನಡುಗಂಬದ ಬುಡದಲ್ಲಿ ತೊರಕೆರಾಯನೆಂಬ ಮಾಂತ್ರಿಕ ಅಜ್ಜಂದಿರ ಕಾಲದಿಂದ ಕೂತಿದ್ದ. ಅವನ ಕೈಯಲ್ಲಿ ತೊರಕೆ ಮೀನಿನ ಬಾಲದ ಚಾವಟಿ. ಮನಸ್ಸು ಬಂದಾಗ ಅದನ್ನು ಮೇಲಕ್ಕೆ ಬೀಸುತ್ತಿದ್ದ. ತಾಗಿದವರು ಅಲ್ಲೇ ಬೆಳ್ಳಕ್ಕಿಯಾಗುತ್ತಿದ್ದರು. ರಾಜ ಸೈನಿಕರನ್ನು ಕಳಿಸಿದ. ಅವರ ಕತ್ತಿ ತೊರಕೆರಾಯನ ಮೈಯಲ್ಲಿ ನೀರಿನಲ್ಲಿ ಹಾದ ಹಾಗೆ ಹಾದುಹೋಯಿತು. ಸೈನಿಕರೂ ಬೆಳ್ಳಕ್ಕಿಗಳಾಗಿ ಕೆಸರಿನಲ್ಲಿ ಒಂಟಿಕಾಲಲ್ಲಿ ನಿಂತರು.

ಒಂದು ಬೆಳಿಗ್ಗೆ ಚಾವಟಿ ದುಗ್ಗಣ್ಣನಿಗೆ ತಾಗಿತು. ಅವನ ಹೆಂಡತಿ ಕೆಂಚಿ ಘಟ್ಟದ ಮೇಲಿನವಳು. ಮದುವೆಯಾಗಿ ಬಂದು ಇನ್ನೂ ಒಂದು ಮಳೆಗಾಲ ಕಂಡಿರಲಿಲ್ಲ. ಸುದ್ದಿ ಕೇಳಿದವಳೇ ಗಂಡನ ಗಾಳ ಎತ್ತಿಕೊಂಡು ಹೊರಟಳು.

ಅತ್ತೆ ಹೊನ್ನಕ್ಕ ಬಾಗಿಲಿಗೆ ಅಡ್ಡ ನಿಂತಳು. "ಕೆರೆಯ ಮೀನು ಕಂಡವಳು ನೀನು. ಕಡಲಿನ ಮುಂದೆ ನಿನ್ನ ಆಟ ನಡೆಯುತ್ತದೆಯೇನೇ?"

"ನಡೆಯದಿದ್ದರೆ ನಿಮ್ಮ ಮನೆಗೆ ಎರಡು ಬೆಳ್ಳಕ್ಕಿ, ಅತ್ತೆ."

ಹೊನ್ನಕ್ಕ ಬಾಗಿಲು ಬಿಟ್ಟು ಸರಿದಳು. ಮೀನು ಕೊಯ್ಯುವ ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೊಸೆಯ ಹಿಂದೆಯೇ ನಡೆದಳು.

ಸೇತುವೆಯ ಮೇಲೆ ನಿಂತು ಕೆಂಚಿ ಕೂಗಿದಳು: "ತೊರಕೆರಾಯಾ, ನನ್ನ ಗಂಡನನ್ನು ಕೊಡು!"

ಎದುರು ನಿಂತು ಕೇಳಿದವರಿಗೆ ಪಣ ಒಡ್ಡಲೇಬೇಕು. ಮಾಂತ್ರಿಕರಿಗೆ ಇರುವ ಕಟ್ಟು ಅದು. ತೊರಕೆರಾಯ ನಕ್ಕ. "ಮೂರು ಮೀನು ಹಿಡಿ. ಹಿಡಿದರೆ ಎಲ್ಲ ಬೆಳ್ಳಕ್ಕಿಗಳೂ ನಿನ್ನವು. ಈಗ ನೀರು ತುಂಬಿದೆ. ಇಳಿತ ಶುರುವಾಗಿ, ಈ ಕಂಬದ ಬುಡದ ಚಿಪ್ಪುಗಳೆಲ್ಲ ಬಯಲಾಗುವಷ್ಟರಲ್ಲಿ ಮುಗಿಯಬೇಕು. ಮುಗಿಯದಿದ್ದರೆ ನೀನೂ ಹಾರು. ಮೊದಲನೆಯದು, ಮರಳುದಂಡೆಯ ಗಾಜಿನ ಕಾಣೆ."

ಗಾಜಿನ ಕಾಣೆ ಕಣ್ಣಿಗೆ ಬೀಳದ ಮೀನು. ಕೆಂಚಿ ಮೊಣಕಾಲುದ್ದದ ನೀರಿನಲ್ಲಿ ನಿಂತಳು. ಅಲೆ ಬಂತು, ಹೋಯಿತು. ನೀರಿನಲ್ಲಿ ಏನೂ ಇಲ್ಲ. ಆಮೇಲೆ ಅವಳು ನೀರು ನೋಡುವುದನ್ನು ಬಿಟ್ಟು ಅಡಿಯ ಮರಳನ್ನು ನೋಡಿದಳು. ಅಲ್ಲಿ ಒಂದು ನೆರಳು ಓಡುತ್ತಿತ್ತು. ನೆರಳಿನ ಮೂತಿಯ ಮುಂದಕ್ಕೆ ಎರೆ ಎಸೆದಳು. ಹುರಿ ಬಿಗಿಯಿತು.

"ಎರಡನೆಯದು, ಬಂಡೆಯ ಹಾವುಮೀನು," ಎಂದ ತೊರಕೆರಾಯ.

ಹಾವುಮೀನು ಎಳೆದವರನ್ನೇ ಎಳೆಯುವಂಥದ್ದು. ಕಚ್ಚಿದ್ದೇ ತಡ, ಕೆಂಚಿ ಹುರಿಯನ್ನು ಕೈಗೆ ಸುತ್ತಿ ಜಗ್ಗಿದಳು. ಪಾಚಿಯ ಮೇಲೆ ಕಾಲು ಜಾರಿತು. ಸೊಂಟದವರೆಗೆ ನೀರಿಗೆ ಬಿದ್ದಳು. ಬಂಡೆಯ ಅಂಚಿಗೆ ಮಂಡಿ ತರಚಿ ರಕ್ತ ಬಂತು.

"ಜಗ್ಗಬೇಡ, ಹುಚ್ಚಿ! ಹುರಿ ಬಿಡು!" ಹೊನ್ನಕ್ಕ ಅವಳ ಜಡೆ ಹಿಡಿದುಕೊಂಡು ಕಿರುಚಿದಳು. "ಅದು ಓಡಲಿ! ಓಡಿ ಓಡಿ ಸಾಯಲಿ!"

ಕೆಂಚಿ ಹುರಿ ಬಿಟ್ಟಳು. ಹಾವುಮೀನು ಓಡಿತು, ತಿರುಗಿತು, ಮತ್ತೆ ಓಡಿತು. ಸುಸ್ತಾಗಿ ತೇಲಿದಾಗ ಅತ್ತೆ ಸೊಸೆ ಸೇರಿ ದಡಕ್ಕೆಳೆದರು. ಅಷ್ಟರಲ್ಲಿ ಇಳಿತ ಜೋರಾಗಿತ್ತು. ಕಂಬದ ಮೇಲೆ ಚಿಪ್ಪಿನ ಮೊದಲ ಸಾಲು ಕಾಣುತ್ತಿತ್ತು.

"ಮೂರನೆಯದು," ಎಂದ ತೊರಕೆರಾಯ. ಈ ಸಲ ದನಿ ಸಣ್ಣಗಿತ್ತು. "ನನ್ನ ಪ್ರಾಣವನ್ನು ಒಂದು ಮೀನಿನಲ್ಲಿಟ್ಟಿದ್ದೇನೆ. ಈ ಸೇತುವೆಯ ಕೆಳಗೇ ಇದೆ. ಹಿಡಿ."

ಸೇತುವೆಯ ಜನ ಗುಜುಗುಜು ಎಂದರು. "ಕಮಾನಿನ ಕೆಳಗಿನ ಮುರುಮೀನೇ ಅದು! ಎಮ್ಮೆಯಷ್ಟಿದೆ. ಇನ್ಯಾವುದರಲ್ಲಿ ಇಟ್ಟಾನು?"

ಕೆಂಚಿ ಸೇತುವೆ ಹತ್ತಿ ಕಮಾನಿನ ಕೆಳಕ್ಕೆ ಗಾಳ ಇಳಿಸಿದಳು. ಮುರುಮೀನು ಕಚ್ಚಿತು. ಹುರಿ ಸಿಕ್ಕುಬೀಳದಿರಲೆಂದು ಉಳಿದವರೆಲ್ಲ ತಮ್ಮ ಗಾಳ ಎತ್ತಿಕೊಂಡು ಓಡಿಬಂದು ಹುರಿಗೆ ಕೈ ಹಚ್ಚಿದರು. ಬೆವರು ಸುರಿಸಿ ಮೀನನ್ನು ಮೇಲೆತ್ತಿ, ಕೊಯ್ದರು.

ಕೆಳಗಡೆ ತೊರಕೆರಾಯ ಆಕಳಿಸಿದ. "ಮೀನುಸಾರಿಗೆ ಆಯಿತು. ಪಣಕ್ಕೆ ಆಗಲಿಲ್ಲ."

ಚಿಪ್ಪುಗಳು ಅರ್ಧ ಬಯಲಾಗಿದ್ದವು. ಕೆಂಚಿ ಮತ್ತೆ ಎರೆ ಚುಚ್ಚಿದಳು. ಹಾಕಿದ ಕೂಡಲೇ ಏನೋ ಕಚ್ಚಿತು. ಎತ್ತಿದರೆ ಬೆರಳುದ್ದದ ಬೆಳ್ಳಿ ಮರಿ. ಹೊನ್ನಕ್ಕ ಅದನ್ನು ಕೊಕ್ಕೆಯಿಂದ ಬಿಡಿಸಿ, ನೋಡದೆಯೇ ನೀರಿಗೆಸೆದಳು. ಮರಿ ಸಿಕ್ಕರೆ ಕಡಲಿಗೆ ಬಿಡಬೇಕು. ಆ ಸೇತುವೆಯ ನೇಮ ಅದು. ತಾತ ಮುತ್ತಾತ ಯಾರೂ ಮುರಿದವರಲ್ಲ.

ಮತ್ತೆ ಹಾಕಿದಳು. ಮತ್ತೆ ಬೆರಳುದ್ದದ ಮರಿ. ಹೊನ್ನಕ್ಕ ಮತ್ತೆ ಎಸೆದಳು. "ಥೂ, ಇದೊಂದು ಪೀಡೆ. ಹೊತ್ತು ತಿನ್ನುತ್ತದೆ."

ಮೂರನೆಯ ಸಲವೂ ಅದೇ. ಹೊನ್ನಕ್ಕ ಕೈ ಚಾಚಿದಳು. ಆದರೆ ಕೆಂಚಿ ಮೀನನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟಳು. ಗಾಳಕ್ಕೆ ಇಷ್ಟೂ ಹೆದರದ ಮೀನನ್ನು ಅವಳು ಕಂಡಿರಲಿಲ್ಲ. ಬಾಯಿ ಬಿಡಿಸಿ ನೋಡಿದಳು. ತುಟಿಯ ತುಂಬ ಹಳೆಯ ಗಾಯಗಳು, ಗಾಯದ ಮೇಲೆ ಗಾಯ.

"ಅತ್ತೆ, ಮರಿಗೆ ಹಲ್ಲು ಸವೆಯುತ್ತದೆಯೇ?"

ಹೊನ್ನಕ್ಕ ಬಗ್ಗಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. "ನಾನು ಲಂಗ ಹಾಕುತ್ತಿದ್ದಾಗಿನಿಂದ ಇದು ಗಾಳಕ್ಕೆ ಬೀಳುತ್ತಿದೆ... ನಾನು ಬಿಡುತ್ತಲೇ ಇದ್ದೇನೆ..."

ಕೆಳಗೆ ತೊರಕೆರಾಯ ಎದ್ದು ನಿಂತಿದ್ದ. ಆಕಳಿಕೆ ಹೋಗಿತ್ತು. "ಮರಿ ಅದು! ಬಿಡಿಸಿ! ನಿಮ್ಮ ಹಿರಿಯರ ನೇಮ ಮುರಿಯುತ್ತಿದ್ದಾಳೆ, ಈ ಪರ ಊರಿನವಳು!"

ಜನರಿಗೂ ದಿಗಿಲಾಯಿತು. "ಬಿಡು ಕೆಂಚಿ, ಮರಿ ಕೊಂದರೆ ಕಡಲು ಮುನಿಯುತ್ತದೆ. ಬಿಟ್ಟುಬಿಡು!"

ಚಾವಟಿ ಮೇಲಕ್ಕೆ ಹಾರಿತು. ಕೆಂಚಿಯ ಎಡಗೈಗೆ ತಾಗಿತು. ಬೆರಳುಗಳಿಂದ ಬಿಳಿಗರಿ ಹೊರಟು ಮೊಣಕೈಗೆ ಏರಿತು, ಭುಜಕ್ಕೆ ಏರಿತು. ಅವಳು ಬಲಗೈಯ ಮುಷ್ಟಿ ಬಿಡಲಿಲ್ಲ. ಮೀನನ್ನು ಕಟ್ಟೆಯ ಕಲ್ಲಿಗೆ ಒತ್ತಿ ಹಿಡಿದಳು. ಕೂಗಬೇಕೆಂದರೆ ಗಂಟಲಿನಿಂದ ಹಕ್ಕಿಯ ದನಿ ಬಂತು. ಕಣ್ಣು ಮಾತ್ರ ಅತ್ತೆಯ ಸೊಂಟದ ಚೂರಿಯ ಮೇಲಿತ್ತು.

ಹೊನ್ನಕ್ಕ ಚೂರಿ ಹಿರಿದಳು. ಕೈ ಮೇಲೆದ್ದು ನಿಂತಿತು.

"ಹೊನ್ನಕ್ಕಾ!" ತೊರಕೆರಾಯ ಜೇನಿನಂಥ ದನಿಯಲ್ಲಿ ಕರೆದ. "ಮರಿ ಕೊಂದ ಕೈ ಬರಿಗೈ. ಮರೆತೆಯಾ? ನಿನ್ನ ಗಾಳಕ್ಕೆ ಇನ್ನು ಒಂದು ಮೀನೂ ಬೀಳುವುದಿಲ್ಲ."

"ಬರಿಗೈಯೇ ಆಗಲಿ," ಎಂದಳು ಹೊನ್ನಕ್ಕ. "ಮಗ ಬರಲಿ, ಸೊಸೆ ಉಳಿಯಲಿ."

ಚೂರಿ ಇಳಿಯಿತು.

ಮೀನಿನಿಂದ ರಕ್ತ ಬರಲಿಲ್ಲ. ಒಂದು ಹಿಡಿ ಬೂದಿ ಬಂತು. ಕೆಳಗೆ ತೊರಕೆರಾಯನ ಬಟ್ಟೆ ಬರಿದಾಗಿ ನೀರಿನ ಮೇಲೆ ಬಿತ್ತು. ಇಳಿತ ಅದನ್ನು ಎಳೆದುಕೊಂಡು ಹೋಯಿತು. ಚಿಪ್ಪಿನ ಕೊನೆಯ ಸಾಲು ಆಗ ಬಯಲಾಯಿತು.

ಕೆಂಚಿಯ ಗರಿಗಳು ಉದುರಿದವು. ಕೆಸರಿನಲ್ಲಿ ನಿಂತಿದ್ದ ಬೆಳ್ಳಕ್ಕಿಗಳು ಒಂದೊಂದಾಗಿ ಗಂಡಸರಾದವು, ಹೆಂಗಸರಾದವು, ಸೈನಿಕರಾದವು. ದುಗ್ಗಣ್ಣ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಮೇಲೆ ಹತ್ತಿಬಂದ. ಸ್ವಲ್ಪ ಹೊತ್ತು ಒಂಟಿಕಾಲಿನಲ್ಲೇ ನಿಂತ.

"ಅಮ್ಮಾ, ಹಸಿವು," ಎಂದ. "ಬೇಯಿಸಿದ್ದು ಏನಾದರೂ ಕೊಡು."

ಕೆಂಚಿ ನಕ್ಕಳು, ಆಮೇಲೆ ಅತ್ತಳು. ಹೊನ್ನಕ್ಕ ಇಬ್ಬರಿಗೂ ಬೈಯುತ್ತ ಮುರುಮೀನಿನ ದೊಡ್ಡ ತುಂಡನ್ನು ಹೊತ್ತುಕೊಂಡು ಮನೆಗೆ ನಡೆದಳು.

ಒಂದೇ ಒಂದು ಬೆಳ್ಳಕ್ಕಿ ಮಾತ್ರ ಬೆಳ್ಳಕ್ಕಿಯಾಗಿಯೇ ಉಳಿಯಿತು. ಅದು ಮೊದಲಿನಿಂದಲೂ ಬರೀ ಹಕ್ಕಿ. ಬೋಗ್ರಜ್ಜನೆಂಬ ಮುದುಕ ಅದನ್ನು ತನ್ನ ಅಣ್ಣನೆಂದು ತಿಳಿದು ವರ್ಷಗಟ್ಟಲೆ ಸೀಗಡಿ ತಿನ್ನಿಸಿದ್ದ. ಅಣ್ಣ ಬೇರೆ ಕಡೆಯಿಂದ ಎದ್ದು ಬಂದು, "ನನಗೊಂದು ಸೀಗಡಿಯೂ ಕೊಡಲಿಲ್ಲವಲ್ಲೋ!" ಎಂದು ಜಗಳ ತೆಗೆದ. ಅಜ್ಜ ಅಂದಿನಿಂದ ಇಬ್ಬರಿಗೂ ತಿನ್ನಿಸಿದ.

ಹೊನ್ನಕ್ಕನ ಕೈ ಬರಿದಾಗಲಿಲ್ಲ. ಮಕ್ಕಳು ಮೊಮ್ಮಕ್ಕಳು ಹುಟ್ಟಿದರು, ಉಪ್ಪಿಗೂ ಮೀನಿಗೂ ಕೊರತೆಯಾಗಲಿಲ್ಲ. ಮುತ್ತಳಿವೆಯಲ್ಲಿ ಬೆಳಿಗ್ಗೆ ಗಾಳ ಹಿಡಿದು ಹೋದವರೆಲ್ಲ ಸಂಜೆಗೆ ತಮ್ಮ ಎರಡು ಕಾಲಿನ ಮೇಲೆ ಮನೆಗೆ ಬಂದರು.