ಬಲಭುಜದ ಹಿಂದೆ ಹುಡುಕಿದ ಕೈ

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ದೊಡ್ಡಾಸ್ಪತ್ರೆಯ ಚರ್ಮರೋಗ ವಿಭಾಗದ ಡಾಕ್ಟರು ಠಾಣೆಗೆ ಬಂದರು. ಮೋಸವಾಗಿದೆ ಎಂದರು. ಏನು ಹೋಯಿತು ಎಂದು ದಫೇದಾರರು ಕೇಳಿದರೆ, "ಏನೂ ಹೋಗಿಲ್ಲ, ಒಬ್ಬಳು ಜಾಸ್ತಿ ಬಂದಿದಾಳೆ" ಎಂದರು. ದಫೇದಾರರು ಪೆನ್ನಿನ ಮುಚ್ಚಳ ಹಾಕಿ ಅವರನ್ನು ಒಳಗೆ ಕಳಿಸಿದರು. ತಲೆಬುಡ ತಿಳಿಯದ ದೂರುಗಳನ್ನೆಲ್ಲ ಇನ್‌ಸ್ಪೆಕ್ಟರ್ ಕೋಣೆಗೆ ದಾಟಿಸುವುದು ಅವರ ಹಳೆಯ ಅಭ್ಯಾಸ.

ಇನ್‌ಸ್ಪೆಕ್ಟರ್ ಹೆಂಗಸು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಎದುರಿಗಿದ್ದವರ ಮಾತು ಮುಗಿಯುವವರೆಗೆ ಅದು ಅಲ್ಲಿಂದ ಕದಲುತ್ತಿರಲಿಲ್ಲ.

"ಮೊದಲಿಂದ ಹೇಳಿ ಡಾಕ್ಟ್ರೇ."

ಡಾಕ್ಟರು ಹೇಳಿದರು. ಪಿತ್ತದ ಗಂಧೆ ಎಂದರೆ ಎಲ್ಲರಿಗೂ ಗೊತ್ತು: ಮೈಮೇಲೆ ಕೆಂಪಗೆ ಏಳುವ ದದ್ದು, ತುರಿಕೆ. ಹೆಚ್ಚಿನವರಿಗೆ ನಾಲ್ಕು ದಿನದಲ್ಲಿ ಹೋಗುತ್ತದೆ. ಕೆಲವರಿಗೆ ಮಾತ್ರ ಕಾರಣವೇ ಇಲ್ಲದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಡುತ್ತದೆ. ಅಂಥವರಿಗಾಗಿ ಒಂದು ಹೊಸ ಇಂಜೆಕ್ಷನ್ ಬಂದಿದೆ. ಅದು ಕೆಲಸ ಮಾಡುತ್ತದೆಯೇ ಎಂದು ಇವರ ಘಟಕ ಪರೀಕ್ಷಿಸುತ್ತಿದೆ. ಅರ್ಧ ಜನಕ್ಕೆ ನಿಜವಾದ ಮದ್ದು, ಉಳಿದರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ.

"ಯಾರು ಬೇಕಾದ್ರೂ ಸೇರಬಹುದಾ?"

"ಇಲ್ಲ ಮೇಡಂ. ದಿನಾ ಅಲರ್ಜಿ ಮಾತ್ರೆ ನುಂಗಿಯೂ ದದ್ದು ಹೋಗದವರು ಮಾತ್ರ. ಮಾತ್ರೇಲೇ ವಾಸಿಯಾಗೋರಿಗೆ ಹೊಸ ಮದ್ದಿನ ಅಪಾಯ ಯಾಕೆ?"

ಹಾಗೆ ಆಯ್ಕೆಯಾದವರಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಒಬ್ಬ ಹೆಂಗಸೂ ಇದ್ದಳು. ಎರಡು ಸಲ ಬಂದು ಇಂಜೆಕ್ಷನ್ ತೆಗೆದುಕೊಂಡು ಹೋಗಿದ್ದಳು. ಎರಡನೇ ಸಲ ತೆಗೆದ ರಕ್ತದಲ್ಲಿ ಅಲರ್ಜಿ ಮಾತ್ರೆಯ ಸುಳಿವೇ ಇರಲಿಲ್ಲ. ಅನುಮಾನ ಬಂದು ರಕ್ತದ ಗುಂಪು ನೋಡಿದರೆ ಅದೂ ಬೇರೆ. ಆಯ್ಕೆಯ ದಿನ ಬಂದವಳೊಬ್ಬಳು, ಸೂಜಿ ಚುಚ್ಚಿಸಿಕೊಂಡವಳೊಬ್ಬಳು. ಮತ್ತೆ ರಕ್ತ ಕೊಡಿ ಎಂದು ಫೋನ್ ಮಾಡಿದ ಮೇಲೆ ಯಾರೂ ಆ ಕಡೆ ತಲೆ ಹಾಕಿಲ್ಲ.

"ನನ್ನ ಸಂಶೋಧನೆ ಹಾಳಾಯ್ತು ಅಂತ ಬಂದಿಲ್ಲ ನಾನು," ಎಂದರು ಡಾಕ್ಟರು. ಸ್ವಲ್ಪ ಹಾಳಾದದ್ದಕ್ಕೂ ಬಂದಿದ್ದರು, ಅದು ಮುಖದಲ್ಲೇ ಕಾಣುತ್ತಿತ್ತು. "ಆ ಹೆಂಗಸಿನ ಮೈಯಲ್ಲಿ ನಮ್ಮ ಮದ್ದಿದ್ರೆ? ನಾಳೆ ಉಸಿರು ಕಟ್ಟಿ ಬಿದ್ದರೆ ಯಾವ ಡಾಕ್ಟರಿಗೂ ಕಾರಣ ಗೊತ್ತಾಗಲ್ಲ. ಅವಳು ಯಾರು ಅಂತ ನಂಗೆ ಬೇಕು."

ಬೇರೊಬ್ಬರ ಸೋಗಿನಲ್ಲಿ ವಂಚನೆ ಎಂದು ಎಫ್‌ಐಆರ್ ದಾಖಲಾಯಿತು. ಹನ್ನೆರಡು ಗಂಟೆಗೆ ಇನ್‌ಸ್ಪೆಕ್ಟರ್ ಮತ್ತು ದಫೇದಾರರು ಪಾರ್ಲರ್ ಬಾಗಿಲಲ್ಲಿದ್ದರು.

ಒಳಗೆ ಎರಡು ಕುರ್ಚಿ, ಉದ್ದದ ಕನ್ನಡಿ, ಗೋಡೆಗೆ ಆನಿಸಿಟ್ಟ ಕೂದಲು ಗುಡಿಸುವ ಬ್ರಷ್ಷು. ಯೂನಿಫಾರಂ ಕಂಡು ಪಾರ್ಲರ್ ಹೆಂಗಸಿನ ಕತ್ತಿನ ಮೇಲೆ ನೋಡನೋಡುತ್ತಲೇ ಎರಡು ದದ್ದು ಎದ್ದವು.

"ಇಂಜೆಕ್ಷನ್ ತಗೊಂಡಿರಾ?"

"ತಗೊಂಡೆ."

"ಯಾವ ಕೈಗೆ?"

ಅವಳು ಕನ್ನಡಿಯಲ್ಲಿ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಉತ್ತರ ಅಲ್ಲಿ ಸಿಗಲಿಲ್ಲ.

"ಸೂಜಿ ಎಷ್ಟುದ್ದ ಇತ್ತು? ಇಷ್ಟಾ?" ಇನ್‌ಸ್ಪೆಕ್ಟರ್ ಬೆರಳಲ್ಲಿ ತೋರಿಸಿದರು.

ಪಾರ್ಲರ್ ಹೆಂಗಸು ಬಿಳುಚಿಕೊಂಡು ಗಿರಾಕಿಗಳ ಕುರ್ಚಿಯಲ್ಲಿ ಕುಸಿದಳು. ದಫೇದಾರರು ಓಡಿ ನೀರು ತಂದರು. ಅದನ್ನು ಕುಡಿದ ಮೇಲೆ, ತನಗೆ ಸೂಜಿ ಎಂದರೆ ಚಿಕ್ಕಂದಿನಿಂದಲೂ ಆಗದು, ಆಯ್ಕೆಯಾದ ಮೇಲೆ ಹೆದರಿ ಹೋಗಲೇ ಇಲ್ಲ ಎಂದಳು. ಮತ್ತೆ ಹೋದವರು ಯಾರು?

"ಆಸ್ಪತ್ರೇಲಿ ಕೊಟ್ಟಿದ್ದ ಕಾರ್ಡು ಕಳೆದುಹೋಯ್ತು ಮೇಡಂ. ಯಾರಿಗೆ ಸಿಕ್ತೋ ಏನೋ."

"ಕಾರ್ಡು ಸಿಕ್ಕವರಿಗೆ ನಿಮ್ಮ ಅಪಾಯಿಂಟ್ಮೆಂಟ್ ದಿನಾನೂ ಸಿಕ್ತಾ? ನಿಮ್ಮ ಥರಾನೇ ಗಂಧೆ ರೋಗಾನೂ ಸಿಕ್ತಾ?"

ಅವಳು ಎದ್ದು ಬಾಚಣಿಗೆಗಳನ್ನು ಜೋಡಿಸತೊಡಗಿದಳು. ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ಹೊರಗೆ ಬಂದು ಜೀಪು ಹತ್ತುವಾಗ ದಫೇದಾರರು, "ಸೂಜಿಗೆ ಹೆದರೋಳು ಪೊಲೀಸ್ರಿಗೆ ಹೆದರ್ತಿಲ್ಲ ನೋಡಿ" ಎಂದು ಬೇಸರಪಟ್ಟುಕೊಂಡರು.

ಮಧ್ಯಾಹ್ನ ಮೂರೂವರೆಗೆ ಆಸ್ಪತ್ರೆಯ ಸಂಶೋಧನಾ ಘಟಕದಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಇಂಜೆಕ್ಷನ್ ಆದವರನ್ನು ಸ್ವಲ್ಪ ಹೊತ್ತು ಕೂರಿಸುವ ಕೋಣೆಯ ಸಿಸಿಟಿವಿ ದೃಶ್ಯವನ್ನು ವಶಕ್ಕೆ ಪಡೆದರು. ಅದರಲ್ಲಿ ಕಂಡದ್ದು ಮುಖಕವಚ ಹಾಕಿದ, ತಲೆಗೆ ಸ್ಕಾರ್ಫ್ ಸುತ್ತಿದ, ಗಟ್ಟಿ ಮೈಕಟ್ಟಿನ ಒಬ್ಬ ಹೆಂಗಸು. ಘಟಕದೊಳಗೆ ಎಲ್ಲರಿಗೂ ಮುಖಕವಚ ಕಡ್ಡಾಯ. ಆಯ್ಕೆ ಮಾಡಿದ ಸಿಬ್ಬಂದಿ ಒಂದು ಮಹಡಿಯಲ್ಲಿ, ಸೂಜಿ ಚುಚ್ಚುವವರು ಇನ್ನೊಂದರಲ್ಲಿ. ಕಾರ್ಡಿನ ಮೇಲಿನ ಹೆಸರು ಸರಿಯಾಗಿದ್ದರೆ ಸಾಕು, ಮುಖದ ಗೊಡವೆ ಯಾರಿಗೂ ಇರಲಿಲ್ಲ.

"ಮಾತಾಡಿದ್ಲಾ?" ಇನ್‌ಸ್ಪೆಕ್ಟರ್ ನರ್ಸನ್ನು ಕೇಳಿದರು.

"ಕಮ್ಮಿ. ಮೊದಲನೇ ಸಲ ಅಂಗೈ ಎರಡೂ ಊದ್ಕೊಂಡು ಕೆಂಪಗಿತ್ತು, ಮುಷ್ಟಿ ಮುಚ್ಚೋಕೆ ಆಗ್ತಿರ್ಲಿಲ್ಲ. ಕೂತಿದ್ದಾಗ ನಿದ್ದೆ ಬಂದ್ರೆ ಮಲ್ಕೊಳ್ಳಿ ಅಂದೆ. ನಂಗೆ ಹಗಲು ನಿದ್ದೆ ಬರಲ್ಲ, ಬರಬಾರದು ಅಂದ್ರು."

ದೃಶ್ಯವನ್ನು ಮತ್ತೆ ಮತ್ತೆ ನೋಡಿದರು. ಆ ಹೆಂಗಸು ಕುರ್ಚಿಯಲ್ಲಿ ಕೂತ ಕೂಡಲೇ ಬಲಗೈ ಬಲಭುಜದ ಹಿಂದೆ ಹೋಗುತ್ತಿತ್ತು. ಅಲ್ಲಿ ಗಾಳಿಯಲ್ಲಿ ತಡಕಾಡಿ ಸುಮ್ಮನೆ ತೊಡೆಯ ಮೇಲೆ ಬಂದು ಬೀಳುತ್ತಿತ್ತು. ಎರಡು ಸಲ ಬಂದಾಗಲೂ ಹಾಗೆಯೇ.

"ಬೆನ್ನು ತುರಿಸ್ಕೊಳ್ತಿದಾಳೆ. ರೋಗಾನೇ ಅದಲ್ವಾ ಮೇಡಂ," ಎಂದರು ದಫೇದಾರರು. ಇರಬಹುದು ಎಂದುಕೊಂಡರು ಇನ್‌ಸ್ಪೆಕ್ಟರ್. ಆದರೆ ಆ ಕೈ ಬೆನ್ನನ್ನು ಮುಟ್ಟಿರಲಿಲ್ಲ.

ಅದು ಬಗೆಹರಿದದ್ದು ಮರುದಿನ ಬೆಳಗ್ಗೆ ಠಾಣೆಯಲ್ಲಿ, ಚಹಾದ ಹೊತ್ತಿಗೆ. ಠಾಣೆಯ ಜೀಪ್ ಚಾಲಕ ಸುತ್ತಾಡಿ ಬಂದವನು ಬೆಂಚು ಖಾಲಿ ಇಲ್ಲದ್ದಕ್ಕೆ ಇನ್‌ಸ್ಪೆಕ್ಟರ್ ಎದುರಿನ ಕುರ್ಚಿಯಲ್ಲಿ ಸಂಕೋಚದಿಂದ ಕೂತ. ಅವನ ಬಲಗೈ ಭುಜದ ಹಿಂದೆ ಹೋಗಿ ತಡಕಾಡಿ ವಾಪಸ್ ಬಂತು.

"ಏನ್ರೀ ಹುಡುಕ್ತಿದೀರಿ?"

ಅವನು ನಾಚಿಕೊಂಡ. "ಏನಿಲ್ಲ ಮೇಡಂ. ಬೆಲ್ಟು. ಮನೇಲಿ ಊಟಕ್ಕೆ ಕೂತಾಗ್ಲೂ ಹೀಗೇ ಆಗುತ್ತೆ. ಮಕ್ಕಳು ನಗ್ತಾರೆ."

ಪಕ್ಕದಲ್ಲಿ ಕೂರುವವರ ಬೆಲ್ಟು ಎಡಭುಜದ ಕಡೆ. ಬಲಭುಜದ ಹಿಂದೆ ಬೆಲ್ಟು ಹುಡುಕುವವರು ಸ್ಟೀರಿಂಗ್ ಹಿಡಿಯುವವರು ಮಾತ್ರ. ಇನ್‌ಸ್ಪೆಕ್ಟರ್ ಚಹಾ ಅರ್ಧಕ್ಕೇ ಬಿಟ್ಟು ಡಾಕ್ಟರಿಗೆ ಫೋನ್ ಮಾಡಿದರು.

"ಆ ಅಲರ್ಜಿ ಮಾತ್ರೆ ನುಂಗಿದ್ರೆ ನಿದ್ದೆ ಬರುತ್ತಾ?"

"ಕೆಲವರಿಗೆ ಬರುತ್ತೆ. ಡೋಸ್ ಜಾಸ್ತಿ ಆದ್ರೆ ಮಂಪರು. ಗಾಡಿ ಓಡಿಸೋರು ಹುಷಾರಾಗಿರಿ ಅಂತ ನಾವೇ ಹೇಳ್ತೀವಿ."

"ಅಂಥೋರು ಮಾತ್ರೆ ನುಂಗಲ್ಲ ಅಂದ್ರೆ?"

"ಪರೀಕ್ಷೆಗೆ ತಗೊಳ್ಳೋಕಾಗಲ್ಲ. ಮಾತ್ರೆ ಕೆಲಸ ಮಾಡಲ್ಲ ಅಂತ ಖಾತ್ರಿ ಆಗಬೇಕಲ್ಲ ಮೇಡಂ."

ಹನ್ನೊಂದಕ್ಕೆ ಮತ್ತೆ ಪಾರ್ಲರ್. ಈ ಸಲ ಒಂದೇ ಪ್ರಶ್ನೆ.

"ನಿಮ್ಮ ಮನೇಲಿ ಗಾಡಿ ಓಡಿಸೋರು ಯಾರು?"

ಗಿರಾಕಿಯ ತಲೆಯಲ್ಲಿ ಬಾಚಣಿಗೆ ಅಲ್ಲೇ ನಿಂತಿತು. ಪಾರ್ಲರ್ ಹೆಂಗಸಿನ ಕಣ್ಣು ತುಂಬಿ ಬಂತು. "ಅತ್ತಿಗೇನ ಏನೂ ಮಾಡ್ಬೇಡಿ ಮೇಡಂ. ಅಣ್ಣ ಹೋದ ಮೇಲೆ ಮನೆ ನಿಂತಿರೋದೇ ಅವರ ಮೇಲೆ. ಕಾರ್ಡು ಅವರು ಕೇಳ್ಲಿಲ್ಲ. ನಾನೇ ಬಲವಂತವಾಗಿ ಕೊಟ್ಟೆ."

ಅತ್ತಿಗೆ ಶಾಲೆಯ ಬಸ್ಸಿನ ಚಾಲಕಿ.

ಮಧ್ಯಾಹ್ನ ಮೂರಕ್ಕೆ ಶಾಲೆಯ ಗೇಟಿನಲ್ಲಿ ಹಳದಿ ಬಸ್ಸು ನಿಂತಿತ್ತು. ಮಕ್ಕಳು ಹತ್ತುತ್ತಿದ್ದರು. ಚಾಲಕಿಗೆ ನಲವತ್ತರ ಆಸುಪಾಸು. ಬಲಗೈ ಮೊಣಕೈವರೆಗೆ ಬಿಸಿಲಿಗೆ ಸುಟ್ಟಿತ್ತು, ಎಡಗೈ ಬೇರೆ ಯಾರದೋ ಎನ್ನುವಷ್ಟು ತಿಳಿ ಬಣ್ಣ. ದಫೇದಾರರು ಮುಂದೆ ಹೆಜ್ಜೆ ಇಟ್ಟರು. ಇನ್‌ಸ್ಪೆಕ್ಟರ್ ಅವರ ತೋಳು ಹಿಡಿದು ನಿಲ್ಲಿಸಿದರು.

"ಮಕ್ಕಳನ್ನ ಮನೆ ಮುಟ್ಟಿಸ್ಲಿ."

"ತಪ್ಪಿಸ್ಕೊಂಡ್ರೆ?"

"ಅಷ್ಟು ಮಕ್ಕಳನ್ನ ಹಾಕ್ಕೊಂಡಾ? ನೀವು ಜೀಪಲ್ಲಿ ಹಿಂದೆ ಬನ್ನಿ."

ಅವರು ಬಸ್ ಹತ್ತಿ ಕೊನೆಯ ಸೀಟಿನಲ್ಲಿ ಕೂತರು. ಚಾಲಕಿ ಕನ್ನಡಿಯಲ್ಲಿ ಯೂನಿಫಾರಂ ನೋಡಿದಳು. ಬಲಗೈ ಭುಜದ ಹಿಂದೆ ಹೋಯಿತು, ಈ ಸಲ ಅಲ್ಲಿ ಬೆಲ್ಟು ಇತ್ತು. "ಎಲ್ಲರೂ ಕೂತ್ರಾ? ನಿಂತ್ಕೊಂಡಿರೋರ ಹೆಸರು ನಂಗೆ ಗೊತ್ತು," ಎಂದು ಗದರಿ ಗೇರ್ ಹಾಕಿದಳು. ದಾರಿಯುದ್ದಕ್ಕೂ ಒಂದು ಬ್ರೇಕೂ ಜೋರಾಗಿ ಬೀಳಲಿಲ್ಲ. ಪ್ರತಿ ನಿಲ್ದಾಣದಲ್ಲೂ ಇಳಿದ ಮಗು ಯಾರದಾದರೂ ಕೈ ಹಿಡಿಯುವವರೆಗೆ ಬಸ್ಸು ಮುಂದೆ ಹೋಗಲಿಲ್ಲ.

ಕೊನೆಯ ಮಗು ಇಳಿದ ಮೇಲೆ ಬಸ್ಸನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಆಕೆ ಸೀಟಿನಲ್ಲೇ ತಿರುಗಿ ಕೂತಳು.

"ನಾನೇ," ಎಂದಳು.

"ಏನು ನೀವೇ?"

"ಸೂಜಿ ಚುಚ್ಚಿಸ್ಕೊಂಡೋಳು. ನಾದಿನೀನ ಬಿಟ್ಬಿಡಿ. ಅದು ಜಿರಲೆ ಕಂಡ್ರೂ ಮಂಚ ಹತ್ತೋ ಜೀವ."

"ತಪ್ಪು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ?"

"ಮೊದಲು ನನ್ನ ಹೆಸರಲ್ಲೇ ಹೋಗಿದ್ದೆ. ಮಾತ್ರೆ ದಿನಾ ನುಂಗ್ತೀರಾ ಅಂದ್ರು. ಇಲ್ಲ ಅಂದೆ. ನುಂಗಿ, ವಾಸಿಯಾಗ್ದಿದ್ರೆ ಬನ್ನಿ ಅಂದ್ರು."

"ನುಂಗಬೇಕಿತ್ತು."

ಆಕೆಯ ದನಿ ಏರಿತು. "ನುಂಗಿದೀನಿ ಮೇಡಂ! ಹೋದ ವರ್ಷ ನುಂಗ್ತಿದ್ದೆ. ಒಂದಿನ ಬೆಳಗ್ಗೆ ಸಿಗ್ನಲಲ್ಲಿ ನಿಂತಿದ್ದೆ. ಕಣ್ಣು ಮುಚ್ಚಿದ್ದೇ ಗೊತ್ತಾಗ್ಲಿಲ್ಲ. ಹಿಂದಿಂದ ಒಂದು ಮಗು, ಆಂಟಿ ಹಸಿರು ಬಂತು ಅಂತು. ಆ ಮಗು ಎಬ್ಬಿಸಿದ್ದು ನನ್ನ. ನಿಂತಿದ್ದ ಗಾಡಿ ಸರಿ, ಓಡ್ತಿದ್ದಿದ್ರೆ? ಅವತ್ತು ಮನೆಗೆ ಹೋಗಿ ಮಾತ್ರೆ ಎಲ್ಲಾ ಬಚ್ಚಲಿಗೆ ಸುರಿದೆ. ಅಂಗೈ ಬೆಂಕಿ ಥರ ಉರಿದ್ರೂ ಹಲ್ಲು ಕಚ್ಕೊಂಡು ಸ್ಟೀರಿಂಗ್ ಹಿಡ್ದಿದೀನಿ. ಸಾಯೋವರೆಗೂ ಆ ಮಾತ್ರೆ ಮುಟ್ಟಲ್ಲ."

"ರಜೆ ಹಾಕಿ ನುಂಗಬಹುದಿತ್ತು."

"ತಿಂಗಳುಗಟ್ಟಲೆ ರಜೆ ಹಾಕಿದ್ರೆ ಈ ಸೀಟು ನಂಗೆ ಕಾಯುತ್ತಾ?"

"ನುಂಗ್ತೀನಿ ಅಂತ ಡಾಕ್ಟರ್ ಹತ್ರ ಸುಳ್ಳಾದ್ರೂ ಹೇಳಬಹುದಿತ್ತಲ್ಲ."

"ಮೊದಲನೇ ದಿನ ನಿಜ ಹೇಳ್ಬಿಟ್ಟಿದ್ದೆ. ಅದೇ ನನ್ನ ತಪ್ಪು."

ಇನ್‌ಸ್ಪೆಕ್ಟರಿಗೆ ನಗು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಅವರಿಗೇ ಸ್ಪಷ್ಟವಿರಲಿಲ್ಲ. "ನಿಮಗೇನಾದ್ರೂ ಆಗಿದ್ರೆ ಕಾರ್ಡು ನೋಡಿ ನಾದಿನಿ ಗುಂಪಿನ ರಕ್ತ ಹಾಕ್ತಿದ್ರು. ಸತ್ತೇ ಹೋಗ್ತಿದ್ರಿ. ಈ ಸ್ಟೀರಿಂಗ್ ಹಿಡ್ದಿದ್ದಾಗಲೇ ಏನಾದ್ರೂ ಆಗಿದ್ರೆ?"

ಆಕೆ ಮೊದಲ ಸಲ ತಲೆ ತಗ್ಗಿಸಿದಳು. ಖಾಲಿ ಸೀಟುಗಳ ಕಡೆ ಒಮ್ಮೆ ನೋಡಿದಳು.

"ಅದು ಹೊಳೀಲಿಲ್ಲ," ಎಂದಳು. ಮತ್ತೆ ತಲೆ ಎತ್ತಿದಳು. "ಅದಕ್ಕೆ ಶಿಕ್ಷೆ ಕೊಡಿ, ಅನುಭವಿಸ್ತೀನಿ. ಮಾತ್ರೆ ನುಂಗದೇ ಇದ್ದಿದ್ದಕ್ಕೆ ಮಾತ್ರ ಕ್ಷಮೆ ಕೇಳಿ ಅನ್ಬೇಡಿ. ಕೇಳಲ್ಲ."

ಬಂಧನದ ಮೆಮೊ ಬಸ್ಸಿನಲ್ಲೇ ತಯಾರಾಯಿತು. ಸಮಯ ನಾಲ್ಕೂ ನಲವತ್ತು. ಹೇಳಿಕೆಯನ್ನು ದಫೇದಾರರು ಬರೆದುಕೊಂಡರು. ಕೊನೆಗೆ ಅಭ್ಯಾಸಬಲದಿಂದ "ಈಗ ನನಗೆ ಪಶ್ಚಾತ್ತಾಪವಾಗಿದೆ" ಎಂದೂ ಸೇರಿಸಿದ್ದರು. ಆಕೆ ಓದಿ ನೋಡಿ ಪೆನ್ನು ಕೆಳಗಿಟ್ಟಳು. ಆ ಸಾಲು ಹೊಡೆದುಹಾಕಿದ ಮೇಲೆಯೇ ಸಹಿ ಬಿದ್ದದ್ದು.

ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿದಾಗ ಬಲಗೈ ಮತ್ತೆ ಭುಜದ ಹಿಂದೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ಬೆಲ್ಟಿಲ್ವಾ?"

"ಹಿಂದ್ಗಡೆ ಇಲ್ಲ," ಎಂದ ಜೀಪ್ ಚಾಲಕ.

"ಬೆಲ್ಟಿಲ್ದೆ ಜನ ಕೂರಿಸ್ಕೊಂಡು ಹೊರಡ್ತೀರಾ? ನಾಚ್ಕೆ ಆಗಲ್ವಾ? ನಾನು ಬರಲ್ಲ."

ಆರೋಪಿ ಪೊಲೀಸರನ್ನು ಬೈಯುವುದನ್ನು ದಫೇದಾರರು ಬಾಯಿ ತೆರೆದು ನೋಡಿದರು. ಇನ್‌ಸ್ಪೆಕ್ಟರ್ ಇಳಿದರು, ಆಕೆಯನ್ನು ತಮ್ಮ ಮುಂದಿನ ಸೀಟಿನಲ್ಲಿ ಕೂರಿಸಿ, ಎಡಭುಜದ ಕಡೆಯಿಂದ ಬೆಲ್ಟು ಎಳೆದು ತಾವೇ ಹಾಕಿದರು. ಆಮೇಲೆ ಹಿಂದೆ ಹೋಗಿ ಕೂತರು. ಜೀಪು ಮೊದಲು ಹೋದದ್ದು ಆಸ್ಪತ್ರೆಗೆ. ಡಾಕ್ಟರು ಆಕೆಯ ನಾಡಿ, ಉಸಿರು, ರಕ್ತ ಎಲ್ಲ ಪರೀಕ್ಷಿಸಿದರು. ಅಪಾಯವಿಲ್ಲ ಎಂದರು. ನಿಮಗೆ ಸಿಕ್ಕಿದ್ದು ಮದ್ದೋ ಉಪ್ಪುನೀರೋ, ನಿಯಮದ ಪ್ರಕಾರ ಈಗ ತೆರೆದು ನೋಡಬಹುದು, ಹೇಳಲೇ ಎಂದು ಕೇಳಿದರು.

"ಬೇಡ," ಎಂದಳು ಆಕೆ, ಮುಷ್ಟಿ ಮುಚ್ಚಿ ತೆರೆದು ತೋರಿಸುತ್ತ. "ನನ್ನ ಥರ ಮಾತ್ರೆ ನುಂಗೋಕಾಗದೇ ಇರೋರು ಲಾರೀಲಿ, ಕ್ರೇನಲ್ಲಿ, ಕಾರ್ಖಾನೇಲಿ ಎಷ್ಟು ಜನ ಇದಾರೆ, ಅದನ್ನ ತೆರೆದು ನೋಡಿ."

ಡಾಕ್ಟರು ಆಕೆ ಹೋದ ಮೇಲೂ ಅದೇ ಕುರ್ಚಿಯಲ್ಲಿ ಬಹಳ ಹೊತ್ತು ಕೂತಿದ್ದರು ಎಂದು ನರ್ಸು ಹೇಳಿದಳು.

ಮರುದಿನ ಜಾಮೀನು ಸಿಕ್ಕಿತು. ನಾದಿನಿ ಎರಡನೇ ಆರೋಪಿಯಾದಳು, ಅತ್ತಿಗೆಗೆ ಜಾಮೀನು ಕೊಡಿಸಲು ಓಡಾಡಿದವಳೂ ಅವಳೇ. ಆರೋಪಪಟ್ಟಿ ಸಿದ್ಧವಾದಾಗ, ಅಪರಾಧಕ್ಕೆ ಪ್ರೇರಣೆ ಎಂಬಲ್ಲಿ ದಫೇದಾರರು "ಸ್ವಂತ ಲಾಭ" ಎಂದು ಬರೆದಿದ್ದರು. ಇನ್‌ಸ್ಪೆಕ್ಟರ್ ಅದನ್ನು ಅಳಿಸಿ ತಮ್ಮ ಕೈಯಲ್ಲೇ ಬರೆದರು: "ಆರೋಪಿಯು ಮಕ್ಕಳಿರುವ ವಾಹನ ಚಲಾಯಿಸುವಾಗ ಎಚ್ಚರವಾಗಿರಲು ಬಯಸಿದ್ದಳು."

ದಫೇದಾರರು ಕನ್ನಡಕ ಸರಿಮಾಡಿಕೊಂಡು ಓದಿದರು. "ಮೇಡಂ, ಇದನ್ನ ಓದಿದ್ರೆ ಜಡ್ಜ್ ಸಾಹೇಬ್ರು ಬಿಟ್ಟೇ ಬಿಡ್ತಾರೆ."

"ಓದ್ಲಿ ಬಿಡಿ," ಎಂದು ಇನ್‌ಸ್ಪೆಕ್ಟರ್ ಸಹಿ ಹಾಕಿದರು.